ಲೇತ್ ಬೀದಿಯ ನೂರ ಇಪ್ಪತ್ತೆಂಟು ಮಣಿ

ಫೆಬ್ರವರಿ ೩, ಮಂಗಳವಾರ

ಈ ಡೈರಿಯನ್ನು ಸರ್ವೆ ಆಫೀಸಿನ ಅನಂತರಾಜು ಕೊಟ್ಟರು. ಹೋದ ವರ್ಷದ್ದು, ವಾರಗಳು ಹೊಂದುವುದಿಲ್ಲ, ನಾನೇ ತಿದ್ದಿಕೊಳ್ಳುತ್ತಿದ್ದೇನೆ. "ಯಾವತ್ತು ಯಾವ ಬೀದಿ, ಎಷ್ಟು ಮನೆ, ಅಷ್ಟು ಬರ್ಕೊಳಿ ಸಾಕು ಬೈರಮ್ಮ" ಅಂದರು. ಸರ್ವೆ ಕೆಲಸ. ನಗರಸಭೆ ಚುನಾವಣೆ ಬರುತ್ತದಂತೆ, ದಿನ ಇನ್ನೂ ಗೊತ್ತಾಗಿಲ್ಲ. ಯಾರಿಗೆ ಓಟು ಹಾಕುತ್ತೀರಿ ಎಂದು ಮನೆಮನೆಗೆ ಹೋಗಿ ಕೇಳಿ, ಒಬ್ಬೊಬ್ಬರಿಗೆ ಒಂದೊಂದು ಫಾರಂ ತುಂಬಬೇಕು. ಮಾಡಿಸುತ್ತಿರುವವರು ಯಾರು ಎಂದು ಕೇಳಿದರೆ "ಅದು ನಮಗೂ ಹೇಳಿಲ್ಲ" ಅಂದರು.

ನಮ್ಮ ಯಜಮಾನರಿಗೆ ಇಷ್ಟವಿರಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಈಗ ಮನೆಯಲ್ಲೇ ಇದ್ದಾರೆ. "ಬಿಸ್ಲಲ್ಲಿ ಬೀದಿ ಬೀದಿ ತಿರುಗಾಕೆ ನಿಂಗೇನ್ ಬಂದೈತೆ ಅಮ್ಮಿ?" ಅಂದರು. ಹೇಳಿದೆ. ಸೊಸೆ ರಮ್ಯಾ ಡೆಂಗ್ಯೂ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ಕಬ್ಬಾಳಮ್ಮನಿಗೆ ಹರಸಿಕೊಂಡಿದ್ದೇನೆ, ನನ್ನ ಕೈಯ ದುಡಿಮೆಯಲ್ಲೇ ನಿನಗೊಂದು ರೇಷ್ಮೆ ಸೀರೆ ಉಡಿಸುತ್ತೇನೆ ತಾಯಿ ಎಂದು. ಮನೆಯಲ್ಲಿ ಕೂತು ಮಣಿ ಪೋಣಿಸಿ ಬರುವ ದುಡ್ಡಿನಲ್ಲಿ ಅದು ಯಾವ ಕಾಲಕ್ಕೂ ಆಗುವುದಿಲ್ಲ.

ಅಮ್ಮನ ಪಟದ ಮುಂದೆ ದೀಪ ಹಚ್ಚಿ ಭಾಷೆ ಕೊಟ್ಟೆ. ಕೇಳಿದ್ದನ್ನೇ ಬರೆಯುತ್ತೇನೆ, ಕೇಳದೆ ಒಂದಕ್ಷರ ಬರೆಯುವುದಿಲ್ಲ.

ಪಕ್ಷದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಓದಿದರೆ ಕಷ್ಟ. ಫಾರಂನಲ್ಲಿರುವ ಹಾಗೆ ಒಂದು, ಎರಡು, ಮೂರು ಎನ್ನುತ್ತೇನೆ. ಒಂದು ಅಂದರೆ ಈಗ ಗೆದ್ದು ಕೂತಿರುವವರು. ನಾಲ್ಕು ಅಂದರೆ 'ಇನ್ನೂ ತೀರ್ಮಾನ ಮಾಡಿಲ್ಲ'.

ಫೆಬ್ರವರಿ ೫, ಗುರುವಾರ

ನಮ್ಮ ಬೀದಿ ಮುಗಿಯಿತು. ಮೂವತ್ತಾರು ಮನೆ. ಎಲ್ಲ ನಮ್ಮ ಪೈಕಿಯವರೇ, ಹಳ್ಳಿಯಲ್ಲಿ ಹೊಲ ಇಟ್ಟುಕೊಂಡು ಪೇಟೆಗೆ ಬಂದವರು. ಕಷ್ಟವಾಗಲಿಲ್ಲ. ಬಾಗಿಲಲ್ಲಿ ಗಂಡಸರು ಕೂತಿರುತ್ತಾರೆ, "ನಮ್ಮನೇದು ಐದು ಓಟು, ಎಲ್ಲ ಒಂದಕ್ಕೇ ಬರ್ಕೋ ಬೈರಮ್ಮ" ಅನ್ನುತ್ತಾರೆ. ಬರೆದುಕೊಂಡೆ.

ನಮ್ಮ ಮನೆಯದನ್ನೂ ಬರೆದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ "ನಾಕು ಓಟು, ಒಂದಕ್ಕೆ" ಅಂದರು. ಟಿಕೆಟ್ ಹರಿದ ಹಾಗೆ. ಅವರು, ನಾನು, ಹಾರೋಹಳ್ಳಿ ಫ್ಯಾಕ್ಟರಿಗೆ ಹೋಗುವ ಮಗ ದೀಪು, ರಮ್ಯಾ. ಮದುವೆಯಾದಾಗಿನಿಂದ ಹೀಗೇ ನಡೆದಿದೆ.

ಫೆಬ್ರವರಿ ೮, ಭಾನುವಾರ

ಲೇತ್ ಬೀದಿ. ಒಂದೇ ದಿನದಲ್ಲಿ ನಲವತ್ತೊಂದು ಮನೆ. ಗೊಂಬೆ ಮಾಡುವ ಸಾಬರ ಬೀದಿ ಇದು. ಹದಿನೈದು ವರ್ಷದಿಂದ ಇಲ್ಲಿಯ ಮಣಿ ತಂದು ಪೋಣಿಸಿ ಕೊಡುತ್ತೇನೆ, ಎಲ್ಲರೂ ಗುರುತಿನವರೇ. ಅನಂತರಾಜು ನನಗೆ ಕೆಲಸ ಕೊಟ್ಟಿದ್ದೇ ಅದಕ್ಕೆ. "ನಿಮ್ಮನ್ನ ಕಂಡ್ರೆ ಬಾಗ್ಲು ತೆಗೀತಾರೆ" ಅಂದಿದ್ದರು.

ಅವರೆಲ್ಲ ಎರಡಕ್ಕೇ ಹಾಕುತ್ತಾರೆ ಎಂದು ಊರಿಗೆಲ್ಲ ಗೊತ್ತು. ಹಾಗೇ ಆಯಿತು. ಮರ ಕಡೆಯುವ ಲೇತಿನ ಮುಂದೆ ಕೂತ ಗಂಡಸರು ಮೆಷೀನು ನಿಲ್ಲಿಸದೆ ಎರಡು ಬೆರಳು ತೋರಿಸಿದರು. ಮೈಮೇಲೆಲ್ಲ ಮರದ ಪುಡಿ. ನೂರ ಅರವತ್ಮೂರು ಫಾರಂನಲ್ಲಿ ನೂರ ಐವತ್ತಕ್ಕೆ ಎರಡು ಎಂದೇ ಬರೆದೆ. ಉಳಿದ ಹದಿಮೂರು, ಬೀಗ ಹಾಕಿದ್ದ ಮನೆಗಳದ್ದು. ಅದಕ್ಕೆ ನಾಲ್ಕು ಹಾಕಿದೆ.

ಬೀದಿಯ ತುದಿಯಲ್ಲಿ ಹೊಸ ಕಲ್ಲು ಚಪ್ಪಡಿ ಇಳಿಸಿದ್ದಾರೆ. ಮೋರಿಯ ಮೇಲಿನ ಹಳೆಯ ಒಡಕು ಚಪ್ಪಡಿಗಳನ್ನೆಲ್ಲ ಕಿತ್ತಾಗಿದೆ. ಮಳೆ ಬಂದರೆ ಆ ಮೋರಿ ಉಕ್ಕಿ ಮನೆಯೊಳಗೆ ನುಗ್ಗಿ, ಗೊಂಬೆಗೆಂದು ಒಣಗಲು ಇಟ್ಟ ಆಲೆ ಮರವೆಲ್ಲ ನೆನೆದು ಹೋಗುತ್ತಿತ್ತು. ನನಗೆ ಮಣಿ ಕೊಡುವ ಮನೆಯ ಗುಲ್ಜಾರ್ ಬೀ ಚಪ್ಪಡಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. "ಹನ್ನೆರಡು ವರ್ಷ ಕೇಳಿದ್ಮೇಲೆ ಕಲ್ಲು ಬಂತು ಬೈರಮ್ಮ. ಒಸಿ ಕೂತ್ಕೋ, ತಣ್ಣಗೈತೆ" ಅಂದರು. ಕೂರಲಿಲ್ಲ, ಫಾರಂ ಕೊಡುವ ಹೊತ್ತಾಗಿತ್ತು.

ಫೆಬ್ರವರಿ ೧೦, ಮಂಗಳವಾರ

ಇವತ್ತು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಪೋಣಿಸಿದ ಸರ ಕೊಡಲು ಗುಲ್ಜಾರ್ ಬೀ ಮನೆಗೆ ಹೋಗಿದ್ದೆ. ಒಳಮನೆಯಲ್ಲಿ ಅವರ ಸೊಸೆ ಮಹ್ವಿಶ್ ಮಣಿಗೆ ಕೇದಗೆ ಎಲೆ ಉಜ್ಜಿ ಹೊಳಪು ಕೊಡುತ್ತಿದ್ದಳು. ತಲೆ ಎತ್ತಿ ಕೇಳಿದಳು.

"ಆಂಟಿ, ನನ್ ಹೆಸ್ರಲ್ಲಿ ಎರಡು ಅಂತ ಬರ್ಕೊಂಡ್ರಂತೆ? ನಾನ್ ಯಾವಾಗ ಹೇಳ್ದೆ?"

"ಸಾಬೀರ್ ಹೇಳಿದ್ನಲ್ಲವ್ವಾ" ಅಂದೆ. ಸಾಬೀರ್ ಅವಳ ಗಂಡ.

"ಸಾಬೀರ್ದು ಸಾಬೀರ್ಗೆ ಬರ್ಕೊಳಿ. ನನ್ನ ಕೇಳೋಕೆ ನಿಮ್ಗೆ ಕಾಲ್ನೋವಿತ್ತಾ? ಹತ್ತು ಹೆಜ್ಜೆ ಒಳಕ್ಕೆ ಬರೋದಲ್ವಾ?"

ಪಕ್ಕದ ಮನೆಯ ಫಿರೋಜಾ ನಕ್ಕುಬಿಟ್ಟಳು. "ನಮ್ಮತ್ತೆ ಸತ್ತು ಆರ್ ತಿಂಗ್ಳಾಯ್ತು. ಅವ್ರದ್ದೂ ಎರಡು ಅಂತ ಬರ್ಸವ್ರೆ ನಮ್ಮನೆಯೋರು!"

ನನಗೆ ನಗು ಬರಲಿಲ್ಲ. ಕೇಳದೆ ಒಂದಕ್ಷರ ಬರೆಯುವುದಿಲ್ಲ ಎಂದು ಅಮ್ಮನ ಮುಂದೆ ದೀಪ ಹಚ್ಚಿ ಹೇಳಿದ್ದೆ. ನಲವತ್ತೊಂದು ಮನೆಯಲ್ಲಿ ನಾನು ಮಾತನಾಡಿಸಿದ್ದು ನಲವತ್ತು ಜನರನ್ನೂ ಅಲ್ಲ. ನೂರ ಅರವತ್ಮೂರು ಫಾರಂ ತುಂಬಿದ್ದೇನೆ. ಸತ್ತವಳ ಓಟನ್ನೂ ಬರೆದಿದ್ದೇನೆ.

"ಈಗ ಹೇಳಿ, ತಿದ್ದುತೀನಿ" ಅಂದೆ. ಅತ್ತೆಯ ಮುಂದೆ ಸೊಸೆ ಹೇಳಲಿಲ್ಲ, ಸೊಸೆಯ ಮುಂದೆ ಅತ್ತೆ ಹೇಳಲಿಲ್ಲ. ಆಮೇಲೆ ಗುಲ್ಜಾರ್ ಬೀ ಎದ್ದು ಒಂದು ಹಿತ್ತಾಳೆ ಚೊಂಬು ತಂದರು, ನಾಲ್ಕು ಬಣ್ಣದ ಮಣಿ ತಂದರು.

"ಬಾಯಲ್ಲಿ ಹೇಳಿದ್ರೆ ಯಾರಾರ ಕಿವಿಗೆ ಬಿದ್ದೇ ಬೀಳ್ತದೆ. ಮಣೀಲಿ ಕೇಳು. ಒಂದಕ್ಕೆ ಕೆಂಪು, ಎರಡಕ್ಕೆ ನೀಲಿ, ಮೂರಕ್ಕೆ ಹಳದಿ. ಇನ್ನೂ ಮನಸು ಮಾಡದೋರಿಗೆ ಬಣ್ಣ ಹಾಕದ ಮರದ ಮಣಿ. ನಾಕನ್ನೂ ಮುಷ್ಟೀಲಿ ಹಿಡ್ಕೊಂಡು ಒಂದನ್ನ ಚೊಂಬಿಗಾಕ್ಲಿ, ಉಳಿದ ಮೂರು ಬಟ್ಟೆ ಚೀಲಕ್ಕೆ. ನೀನು ಆ ಕಡೆ ತಿರುಕೊಂಡಿರು."

ಮೂವರೂ ಹಾಕಿದರು. ಟಣ್, ಟಣ್, ಟಣ್.

ಫೆಬ್ರವರಿ ೧೩, ಶುಕ್ರವಾರ

ಮೂರು ದಿನ ಸೆರಗಿನಡಿ ಚೊಂಬು ಇಟ್ಟುಕೊಂಡು ಲೇತ್ ಬೀದಿ ತಿರುಗಿದೆ. ಒಳಮನೆಗೆ ಹೋದೆ, ಅಡುಗೆಮನೆಗೆ ಹೋದೆ, ನೀರು ಹಿಡಿಯುವ ಕಡೆ ಹೋದೆ. ಮೊದಲು ಹೆಂಗಸರು, ಆಮೇಲೆ ಗಂಡಸರೇ ಕರೆದು ಕೇಳಿದರು. "ನಮ್ದೂ ಮಣಿ ತಗೊಳಮ್ಮ" ಅಂತ. ಬಾಯಲ್ಲಿ ಎರಡು ಅಂದಿದ್ದ ಗಂಡಸರು ಮುಷ್ಟಿ ಬಿಗಿಹಿಡಿದು ಬಹಳ ಹೊತ್ತು ನಿಂತಿದ್ದನ್ನು ನೋಡಿದೆ. ನೋಡಬಾರದಿತ್ತು, ನೋಡಿದೆ.

ಮನೆಗೆ ಬಂದು ಮೊರದ ಮೇಲೆ ಸುರಿದೆ. ನೂರ ಇಪ್ಪತ್ತೆಂಟು ಮಣಿ. ನೀಲಿ ಐವತ್ತೇಳು. ಕೆಂಪು ಮೂವತ್ತೊಂದು. ಹಳದಿ ಹದಿನಾಲ್ಕು. ಬಣ್ಣ ಹಾಕದ್ದು ಇಪ್ಪತ್ತಾರು.

ಎರಡು ಸಲ ಎಣಿಸಿದೆ. ಒಂದೇ ಬೀದಿ, ಒಂದೇ ಮಸೀದಿ, ಒಂದೇ ಕೆಲಸ. ಇಷ್ಟು ದಿನ ಆ ಬೀದಿಯವರು ಆ ಬೀದಿಯವರು ಅನ್ನುತ್ತಿದ್ದೆ. ಫಿರೋಜಾಗೆ ಮಗಳನ್ನು ಕಾಲೇಜಿಗೆ ಕಳಿಸುವ ಬಸ್ಸಿನ ಚಿಂತೆ. ಲೇತ್ ಓಡಿಸುವ ನಜೀರ್‌ಗೆ ಮರದ ಬೆಲೆಯ ಚಿಂತೆ. ಮಹ್ವಿಶ್‌ಗೆ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. ಗುಲ್ಜಾರಕ್ಕನಿಗೆ ಮೋರಿ.

ಫೆಬ್ರವರಿ ೧೪, ಶನಿವಾರ

ಅನಂತರಾಜು ಆಫೀಸಿಗೆ ಚೊಂಬನ್ನೇ ತೆಗೆದುಕೊಂಡು ಹೋದೆ. ಬೇಕರಿಯ ಮೇಲಿನ ಕೋಣೆ. ಬನ್ನಿನ ವಾಸನೆ.

"ಇದೇನಮ್ಮ, ಪೂಜೆ ಸಾಮಾನಾ?" ಅಂದರು. ವಿಷಯ ಹೇಳಿದೆ. ತಲೆ ಕೆರೆದುಕೊಂಡರು.

"ಅಮ್ಮಾ, ಮಣಿ ಲೆಕ್ಕಾನ ಹೆಡ್ಡಾಫೀಸಿಗೆ ಕಳ್ಸಕಾಯ್ತದಾ? ನಿಮ್ಮ ಫಾರಂ ಸೋಮವಾರವೇ ಹೋಯ್ತು, ಬೀದಿವಾರು ಲೆಕ್ಕ ಆಗ್ಲೇ ಕೇಳ್ದೋರ್ ಕೈ ಸೇರೈತೆ. ನೀಟಾಗಿತ್ತು, ಅಕ್ಷರ ದುಂಡಗಿತ್ತು. ಆ ಬೀದಿ ಪೂರ್ತಿ ಎರಡು ಅಂತ ಎಲ್ರಿಗೂ ಗೊತ್ತಿರೋದೇ ತಾನೆ?"

"ಗೊತ್ತಿದ್ದಿದ್ರೆ ನನ್ನ ಯಾಕ್ ಕಳ್ಸಿದ್ರಿ ಸ್ವಾಮಿ?"

ಅವರು ಮೇಜಿನ ಡ್ರಾಯರ್ ಎಳೆದು ಹುಡುಕತೊಡಗಿದರು. ಕೆಟ್ಟವರೇನಲ್ಲ. ಎಂಟು ವಾರ್ಡು, ಇಪ್ಪತ್ತು ಜನರನ್ನು ನೋಡಿಕೊಳ್ಳಬೇಕು. "ಎಲ್ರೂ ಬಾಗ್ಲಲ್ಲೇ ಕೇಳಿ ಗುಣಿಸ್ತಾರಮ್ಮ. ನಿಮ್ಮೊಬ್ರದ್ದೇ ಅಲ್ಲ. ಬುಟ್ಬುಡಿ" ಎಂದು ದುಡ್ಡಿನ ಕವರು ಕೊಟ್ಟರು.

ಕವರನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಒಡೆದಿಲ್ಲ.

ಫೆಬ್ರವರಿ ೧೬, ಸೋಮವಾರ

ಊಟವಾದ ಮೇಲೆ ಸುಮ್ಮನೆ ತಮಾಷೆಗೆ ಎಂದು ನಮ್ಮ ಮನೆಯಲ್ಲೂ ಚೊಂಬು ಇಟ್ಟೆ. ತಮಾಷೆಗೆ ಅಂತ ಬರೆದೆ, ಹಾಗಿರಲಿಲ್ಲ. ಯಜಮಾನರು ನಗುತ್ತಾ ಎಲ್ಲರಿಗೂ ಕಾಣುವಂತೆ ಕೆಂಪು ಮಣಿ ಎತ್ತಿ ಹಿಡಿದು ಹಾಕಿದರು. "ನಾಕೂ ಕೆಂಪೇ ಬರ್ತದೆ ನೋಡು" ಅಂದರು. ದೀಪು ಹಾಕಿದ. ರಮ್ಯಾ ಹಾಕಿದಳು. ನಾನೂ ಹಾಕಿದೆ.

ಸುರಿದರೆ ಕೆಂಪು ಒಂದೇ ಒಂದು. ನೀಲಿ ಒಂದು, ಬಣ್ಣ ಹಾಕದ್ದು ಎರಡು.

ಯಜಮಾನರು ಮಣಿಗಳನ್ನು ಬೆರಳಿನಲ್ಲಿ ಸರಿಸಿ ನೋಡಿದರು. "ಯಾರ್ದು?" ಅಂದರು. ರಮ್ಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. "ನೀನೂವಾ ಅಮ್ಮಿ?" ಅಂದರು. ನಾನು ಮಣಿ ಎತ್ತಿ ಚೀಲಕ್ಕೆ ಹಾಕಿದೆ.

ಫೆಬ್ರವರಿ ೧೮, ಬುಧವಾರ

ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಎದ್ದು ಹೋಗುತ್ತಾರೆ.

ಫೆಬ್ರವರಿ ೨೦, ಶುಕ್ರವಾರ

ಮಣಿ ತರಲು ಹೋದಾಗ ಲೇತ್ ಬೀದಿಯ ತುದಿಯಲ್ಲಿ ಚಪ್ಪಡಿ ಇರಲಿಲ್ಲ. ಒಂದೂ ಇರಲಿಲ್ಲ.

ಸಾಬೀರ್ ಹೇಳಿದ. ಬೆಳಿಗ್ಗೆ ಟ್ರ್ಯಾಕ್ಟರ್ ಬಂತಂತೆ, ಎಲ್ಲ ಹೇರಿಕೊಂಡು ಹಿಂದಿನ ಬಡಾವಣೆಗೆ ಹೋಯಿತಂತೆ. ಇವನು ಅಡ್ಡ ನಿಂತನಂತೆ. "ಟ್ರ್ಯಾಕ್ಟರ್ ಜೊತೆ ಬಂದೋನು ಏನಂದ ಗೊತ್ತಾ ಅಮ್ಮ? ‘ನಿಮ್ ಬೀದಿ ಲೆಕ್ಕ ಬಂದೈತೆ, ನಿಮ್ಮೋರು ಒಬ್ರೂ ನಮ್ ಸಾಹೇಬ್ರಿಗೆ ಹಾಕಲ್ವಂತೆ, ಮತ್ಯಾಕೆ ಕಲ್ಲು?’ ಅಂದ. ಸರಿ ಅಂತ ಎರಡನೇ ನಂಬರ್ನೋರ ಹತ್ರ ಹೋದ್ವಿ. ಅವ್ರು ಬೆನ್ ತಟ್ಟಿ, ‘ನೀವೆಲ್ಲ ನಮ್ಮೋರೇ ಕಣ್ರಯ್ಯ, ಗೆದ್ಮೇಲೆ ನೋಡನ’ ಅಂದ್ರು. ನೀವೇನೋ ಮಣೀಲಿ ಕೇಳಿ ತಿದ್ಕೊಂಡ್ ಹೋದ್ರಿ, ಮತ್ಯಾವನು ಕೊಟ್ನೋ ಆ ಲೆಕ್ಕ, ಅವ್ನ ಕೈ ಸೇದೋಗ!"

ಹೂಂ ಅಂದೆ. ಮಣಿ ಚೀಲ ತೆಗೆದುಕೊಂಡು ಬಂದೆ.

ದಾರಿಯುದ್ದಕ್ಕೂ ಬಲಗೈ ನೋಡಿಕೊಂಡು ಬಂದೆ.

ಫೆಬ್ರವರಿ ೨೪, ಮಂಗಳವಾರ

ಅವರ ಉಪವಾಸದ ತಿಂಗಳು ಶುರುವಾಗಿದೆ. ಚುನಾವಣೆ ದಿನವೂ ಗೊತ್ತಾಯಿತು, ಏಪ್ರಿಲ್ ಹನ್ನೆರಡು. ಅದು ಮುಗಿಯುವವರೆಗೂ ಯಾರೂ ಕಲ್ಲು ಹಾಕುವ ಹಾಗಿಲ್ಲವಂತೆ, ನಿಯಮವಂತೆ. ಮೋರಿ ಬಾಯಿ ತೆರೆದುಕೊಂಡೇ ಇದೆ. ಮನೆಮನೆಯ ಮುಂದೆ ಒಂದೊಂದು ಹಲಗೆ ಅಡ್ಡ ಹಾಕಿಕೊಂಡಿದ್ದಾರೆ.

ಗುಲ್ಜಾರಕ್ಕನಿಗೆ ಹೇಳಬೇಕೆಂದು ಹೋದೆ. ಹೇಳಲಿಲ್ಲ.

ಫೆಬ್ರವರಿ ೨೭, ಶುಕ್ರವಾರ

ಇವತ್ತೂ ಹೇಳಲಿಲ್ಲ.

ಮಾರ್ಚ್ ೩, ಮಂಗಳವಾರ

ಇವತ್ತೂ.

ಮಾರ್ಚ್ ೧೧, ಬುಧವಾರ

ನಿನ್ನೆ ಸಂಜೆ ಕಾಲವಲ್ಲದ ಮಳೆ. ಮುಕ್ಕಾಲು ಗಂಟೆ ಹೊಯ್ಯಿತು. ಗುಲ್ಜಾರಕ್ಕ ಉಪವಾಸ ಬಿಟ್ಟು, ಎದುರು ಮನೆಯ ಮುದುಕಿಗೆ ಗಂಜಿ ಕೊಡಲು ಹೊರಟರಂತೆ. ಬೀದಿಯಲ್ಲೂ ನೀರು, ಮೋರಿಯಲ್ಲೂ ನೀರು, ಎರಡೂ ಒಂದೇ ಮಟ್ಟ. ಹಲಗೆ ತೇಲಿಹೋಗಿದ್ದು ಕಂಡಿಲ್ಲ. ಕಾಲಿಟ್ಟಿದ್ದಾರೆ.

ಸೊಂಟದ ಮೂಳೆ ಮುರಿದಿದೆ. ಮೈಸೂರಿಗೆ ಕರೆದುಕೊಂಡು ಹೋಗಿದ್ದಾರೆ.

ದೀಪ ಹಚ್ಚಲು ಹೋದೆ. ಕಬ್ಬಾಳಮ್ಮನ ಮುಖ ನೋಡಲಾಗಲಿಲ್ಲ. ಕವರು ಅಲ್ಲೇ ಇದೆ.

ಮಾರ್ಚ್ ೧೩, ಶುಕ್ರವಾರ

ಯಜಮಾನರು ಇವತ್ತು ಮಾತನಾಡಿದರು. ನಾನು ಊಟ ಮಾಡುತ್ತಿಲ್ಲ ಎಂದು ರಮ್ಯಾ ಹೇಳಿರಬೇಕು. "ಏನಾಯ್ತು ಹೇಳು" ಅಂದರು. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ನಮ್ಮನೇದು ನಾಕೂ ಒಂದಕ್ಕೆ ಅಂತ ನಾನೇ ಹೇಳ್ದೆ. ನೀನ್ ಬರ್ಕೊಂಡೆ" ಅಂದರು. ಅಷ್ಟೇ. ಆಮೇಲೆ ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಮಜ್ಜಿಗೆ ಕಲಕಿದ್ದು ಅವರೇ. ಉಪ್ಪು ಜಾಸ್ತಿಯಾಗಿತ್ತು, ಕುಡಿದೆ.

ಮಾರ್ಚ್ ೨೪, ಮಂಗಳವಾರ

ಅವರ ಹಬ್ಬಕ್ಕೆ ಮೊದಲೇ ಗುಲ್ಜಾರಕ್ಕನನ್ನು ಮನೆಗೆ ತಂದಿದ್ದಾರೆ. ಸೊಂಟದಿಂದ ಕಾಲಿಗೆ ರಾಡು ಹಾಕಿದ್ದಾರೆ. ಇವತ್ತು ಹೋದೆ. ಮುಖ ಇಷ್ಟೇ ಇಷ್ಟಾಗಿದೆ. ಮಹ್ವಿಶ್ ಹೊರಗೆ ಹೋಗುವವರೆಗೂ ಕಾದೆ.

"ಗುಲ್ಜಾರಕ್ಕ, ಆ ಲೆಕ್ಕ ಕೊಟ್ಟೋಳು ನಾನೇ."

ಅವರು ಕಣ್ಣು ಮುಚ್ಚಿಕೊಂಡಿದ್ದರು. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ.

"ಕೇಳಿಸ್ತು" ಅಂದರು. "ಸಾಬೀರ್ ಬೈದ ದಿನ ನೀನು ಹೂಂ ಅಂದ್ಕೊಂಡು ಓಡೋದೆಯಲ್ಲ, ಆವತ್ತೇ ಅಂದ್ಕೊಂಡೆ."

"ಮತ್ಯಾಕ್ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಇದ್ದೆ. ಬೋ ದಿನ ತಗೊಂಡೆ."

ಹೊರಗೆ ಲೇತ್ ಓಡುತ್ತಿತ್ತು. ಆಮೇಲೆ ಅವರೇ ಕೇಳಿದರು.

"ನನ್ನೆಸ್ರಲ್ಲಿ ಏನಂತ ಬರ್ದಿದ್ದೆ?"

"ಎರಡು."

"ಚಪ್ಪಡಿ ಇಳಿಸಿದ ದಿನ ಆ ಕಲ್ಲಿನ ಮೇಲೆ ಕೂತಿದ್ನಲ್ಲ. ನಿನ್ನ ಕೂತ್ಕೋ ಅಂದೆ, ನೀನು ಕೂರ್ಲಿಲ್ಲ. ಕೂತಿದ್ರೆ ಹೇಳ್ತಿದ್ದೆ. ಈ ಸಲ ಕಲ್ಲು ತಂದೋನಿಗೇ ಹಾಕನ ಅಂತಿದ್ದೆ ಬೈರಮ್ಮ. ಒಂದಕ್ಕೆ. ಹುಟ್ಟಿದಾಗಿಂದ ಹಾಕಿರ್ಲಿಲ್ಲ."

ನಾನು ಅಳಲಿಲ್ಲ. ಅಳುವುದಕ್ಕೂ ನನಗೆ ಹಕ್ಕಿಲ್ಲ ಅನ್ನಿಸಿತು. ಅವರ ಕಾಲಿನ ಹತ್ತಿರ ಕೂತು ಮಣಿ ಪೋಣಿಸಿದೆ. ಹೊರಡುವಾಗ "ನಾಳೆ ಬತ್ತೀಯಾ?" ಅಂದರು. "ಬತ್ತೀನಿ" ಅಂದೆ.

ಏಪ್ರಿಲ್ ೨, ಗುರುವಾರ

ದಿನಾ ಹೋಗುತ್ತಿದ್ದೇನೆ. ತಲೆಗೆ ಎಣ್ಣೆ ಹಚ್ಚಿ ಬಾಚುತ್ತೇನೆ. ಮಹ್ವಿಶ್‌ಗೆ ವಿಷಯ ಗೊತ್ತಾಗಿದೆ. ನನ್ನ ಜೊತೆ ಮಾತನಾಡುವುದಿಲ್ಲ, ಆದರೆ ಟೀ ತಂದು ಇಡುತ್ತಾಳೆ, ಲೋಟವನ್ನು ಸ್ವಲ್ಪ ಜೋರಾಗಿ ಕುಕ್ಕುತ್ತಾಳೆ. ಅದು ಸರಿಯೇ.

ಬೀದಿಯಲ್ಲಿ ಮಾತು ಬದಲಾಗಿದೆ. ಮೊದಲು ಒಬ್ಬೊಬ್ಬರದು ಒಂದೊಂದಿತ್ತು. ಈಗ ಎಲ್ಲರ ಬಾಯಲ್ಲೂ ಚಪ್ಪಡಿ, ಗುಲ್ಜಾರಕ್ಕನ ಸೊಂಟ. "ಕಲ್ಲು ಕಿತ್ಕೊಂಡೋದೋನಿಗೆ ಹಾಕಬೇಕಾ?" ಎಂದು ಫಿರೋಜಾ ಜೋರಾಗಿಯೇ ಕೇಳುತ್ತಾಳೆ. ಎರಡನೆಯವರು ಏನೂ ಮಾಡಲಿಲ್ಲವಲ್ಲ ಎಂದರೆ, "ಮಾಡ್ದಿದ್ರೂ ಕಿತ್ಕೊಳ್ಳಿಲ್ವಲ್ಲ" ಅನ್ನುತ್ತಾಳೆ.

ಏಪ್ರಿಲ್ ೧೨, ಭಾನುವಾರ

ಓಟಿನ ದಿನ.

ಗುಲ್ಜಾರಕ್ಕ ಹೋಗಲೇಬೇಕೆಂದು ಹಟ ಹಿಡಿದರು. ಡಾಕ್ಟರು ಬೇಡ ಅಂದಿದ್ದರು. "ನನ್ ಪರ್ವಾಗಿ ಎಲ್ರೂ ಹಾಕಾಯ್ತು. ಈಗ ನಾನೇ ಹೋಯ್ತೀನಿ" ಅಂದರು. ನನಗೆ ನಾಟಿತು. ನಾಟಲಿ ಎಂದು ಹೇಳಿದ್ದಲ್ಲ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಸಾಬೀರ್ ಒಂದು ಕಡೆ. ಇನ್ನೊಂದು ಕಡೆ ಹಿಡಿಯಲು ನಜೀರ್ ಬರುವುದರಲ್ಲಿದ್ದ, ಅಷ್ಟರಲ್ಲಿ ನಮ್ಮ ಯಜಮಾನರು ಬಂದು ಪಂಚೆ ಎತ್ತಿ ಕಟ್ಟಿಕೊಂಡು ಕುರ್ಚಿಗೆ ಕೈ ಹಾಕಿದರು. ನಾನು ಕರೆದಿರಲಿಲ್ಲ. ಮೋರಿಯ ಹಲಗೆ ದಾಟುವಾಗ "ಹೋಲ್ಡಾನ್, ಹೋಲ್ಡಾನ್... ರೈಟ್ ರೈಟ್" ಅಂದರು, ಬಸ್ಸಿನಲ್ಲಿ ಅಂದ ಹಾಗೆ. ಗುಲ್ಜಾರಕ್ಕ ನೋವಿನಲ್ಲೂ ನಕ್ಕರು. "ಟಿಕೆಟ್ ಎಷ್ಟು ಕಂಡಕ್ಟ್ರೆ?" ಅಂದರು. "ನಿಮ್ಗೆ ಪಾಸು ಐತೆ" ಅಂದರು ಇವರು.

ನಾನೂ ಹಾಕಿದೆ. ಒಳಗೆ ಹೋದಾಗ ಯಾರೂ ನನ್ನ ಪಕ್ಕ ಇರಲಿಲ್ಲ. ಹಿಂದೆ ಕೂಡ ಇರುತ್ತಿರಲಿಲ್ಲ, ಆದರೆ ಹಿಂದೆ ನನಗೆ ಹಾಗೆ ಅನ್ನಿಸಿರಲಿಲ್ಲ. ಯಾರಿಗೆ ಎಂದು ಇಲ್ಲಿ ನಂಬರಿನಲ್ಲೂ ಬರೆಯುವುದಿಲ್ಲ.

ಗೇಟಿನಿಂದಾಚೆ, ರಸ್ತೆಯ ಆ ಬದಿಯಲ್ಲಿ ಒಬ್ಬ ಹುಡುಗಿ ಕೊರಳಿಗೆ ಕಾರ್ಡು ಹಾಕಿಕೊಂಡು, ಕೈಯಲ್ಲಿ ಫೋನ್ ಹಿಡಿದು ಬಂದವರನ್ನೆಲ್ಲ ಕೇಳುತ್ತಿದ್ದಳು. ನಮ್ಮ ಯಜಮಾನರನ್ನು ನಿಲ್ಲಿಸಿದಳು. "ಸರ್, ನಿಮ್ಮನೇಲಿ ಎಷ್ಟು ಓಟು? ಯಾರಿಗೆ?"

ಇವರು ಬಾಯಿ ತೆರೆದರು. ನಾಕು ಎಂದು ತುಟಿಗೆ ಬಂದಿದ್ದು ನನಗೆ ಕಂಡಿತು. ಬೆವರು ಒರೆಸಿಕೊಂಡರು.

"ನಂದೊಂದು. ಉಳಿದೋರು ಅಲ್ಲವ್ರೆ, ಅವ್ರನ್ನೇ ಕೇಳವ್ವ."

ಹುಡುಗಿ ಬಿಸಿಲಿನಲ್ಲಿ ಬಾಡಿಹೋಗಿದ್ದಳು. ನಮ್ಮ ಕಡೆ ನೋಡಿದಳು, ಗಡಿಯಾರ ನೋಡಿದಳು, ಫೋನಿನಲ್ಲಿ ಏನೋ ಒತ್ತಿ ಮುಂದಿನವರ ಹತ್ತಿರ ಹೋದಳು. ಅವಳ ಮೇಲೆ ಕೋಪ ಬರಲಿಲ್ಲ. ಅವಳ ಬಲಗೈಯನ್ನೇ ನೋಡುತ್ತಿದ್ದೆ.

ಏಪ್ರಿಲ್ ೧೫, ಬುಧವಾರ

ಎಣಿಕೆ ಮುಗಿಯಿತು. ನಮ್ಮ ವಾರ್ಡಿನಲ್ಲಿ ಎರಡು ಗೆದ್ದಿದೆ. ಹದಿನೇಳು ಓಟಿನ ಅಂತರ.

ಮಧ್ಯಾಹ್ನ ಅನಂತರಾಜು ಫೋನ್ ಮಾಡಿದರು. ದನಿಯಲ್ಲಿ ಬಹಳ ಖುಷಿ. "ಬೈರಮ್ಮೋರೆ, ಲೇತ್ ಬೀದಿ ಬೂತಲ್ಲಿ ಒಂದಕ್ಕೆ ಬಿದ್ದಿದ್ದು ಒಟ್ಟು ಎಷ್ಟು ಗೊತ್ತಾ? ಒಂಬತ್ತು! ಮಿಕ್ಕಿದ್ದು ಹೆಚ್ಚುಕಮ್ಮಿ ಎಲ್ಲ ಎರಡಕ್ಕೆ. ನಿಮ್ ಫಾರಂ ಲೆಕ್ಕ ಕರೆಕ್ಟಾಗಿ ಬಂತು ನೋಡಿ! ಇಡೀ ಊರಲ್ಲಿ ಅಷ್ಟು ಹತ್ರ ಬಂದಿರೋದು ನಿಮ್ದೊಂದೇ. ಹೆಡ್ಡಾಫೀಸೋರು ನಿಮ್ಮ ಹೆಸ್ರು ಕೇಳಿದ್ರು. ಆ ಮಣಿ ಲೆಕ್ಕ ಕಳ್ಸಿದ್ರೆ ಮಾನ ಹೋಗ್ತಿತ್ತು."

ಮೂವತ್ತೊಂದು ಕೆಂಪು ಮಣಿಯನ್ನು ನನ್ನ ಈ ಕೈಯಿಂದ ಎಣಿಸಿದ್ದೆ. ಇಪ್ಪತ್ತಾರು ಜನ ಇನ್ನೂ ಮನಸು ಮಾಡಿರಲಿಲ್ಲ. ಅವರೆಲ್ಲ ಇದ್ದರು. ನಾನು ಇಲ್ಲ ಎಂದು ಬರೆದೆ, ಬರೆದಿದ್ದನ್ನು ನಂಬಿ ಕಲ್ಲು ಹೊತ್ತುಕೊಂಡು ಹೋದರು, ಕಲ್ಲು ಹೋದ ಮೇಲೆ ಅವರು ನಿಜವಾಗಿಯೂ ಇಲ್ಲವಾದರು. ನನ್ನ ಸುಳ್ಳು ನಿಜವಾಯಿತು.

"ಕೇಳಿಸ್ತಾ ಅಮ್ಮ? ಮುಂದಿನ ತಿಂಗ್ಳು ರಾಮನಗರದಲ್ಲಿ ಕೆಲ್ಸ ಐತೆ" ಅಂದರು.

"ನಿಮ್ ಕವರು ನಮ್ಮನೇಲೇ ಐತೆ, ಒಡ್ದಿಲ್ಲ. ನಾಳೆ ತಂದ್ಕೊಡ್ತೀನಿ" ಅಂದೆ.

"ಯಾಕಮ್ಮ? ಲೆಕ್ಕ ಸರಿಯಾಗೈತಲ್ಲ!"

ಫೋನ್ ಇಟ್ಟು, ಕವರನ್ನು ಗೂಡಿನಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ.

ಏಪ್ರಿಲ್ ೧೭, ಶುಕ್ರವಾರ

ಬೆಳಿಗ್ಗೆ ಕಬ್ಬಾಳಿಗೆ ಹೋಗಿ ಬಂದೆ. ಸಾತನೂರಿನಲ್ಲಿ ಇಳಿದು ಇನ್ನೊಂದು ಬಸ್ಸು. ಕೈಯಲ್ಲಿ ಸೀರೆ ಇರಲಿಲ್ಲ, ಕಾಯಿ ಮಾತ್ರ. ಜನ ಬಹಳ ಇದ್ದರು, ಹೆಚ್ಚು ಹೊತ್ತು ನಿಲ್ಲಲು ಬಿಡಲಿಲ್ಲ. ತಾಯಿ, ಕೊಟ್ಟ ಭಾಷೆ ತಪ್ಪಿದೆ, ಸೀರೆ ತಡವಾಗುತ್ತದೆ, ಮಣಿ ಪೋಣಿಸಿದ ದುಡ್ಡಿನಲ್ಲೇ ತರುತ್ತೇನೆ ಎಂದೆ. ಪೂಜಾರಿ "ಮುಂದಕ್ಕೆ ನಡೀರಮ್ಮ" ಅಂದರು. ನಡೆದೆ.

ಮನೆಗೆ ಬಂದು ಬಟ್ಟೆ ಚೀಲ ಬಿಚ್ಚಿದೆ. ಲೇತ್ ಬೀದಿಯ ಮಣಿಗಳನ್ನು ನಾನು ಹಿಂದಕ್ಕೆ ಕೊಟ್ಟಿರಲಿಲ್ಲ, ಬೇರೆ ಗಂಟು ಕಟ್ಟಿಟ್ಟಿದ್ದೆ. ಅವನ್ನು ಪೋಣಿಸಿದೆ. ಹದಿನೈದು ವರ್ಷದಿಂದ ಬಣ್ಣ ಬಣ್ಣ ಜೋಡಿಸಿಯೇ ಪೋಣಿಸಿ ಅಭ್ಯಾಸ. ಇದನ್ನು ಜೋಡಿಸಲಿಲ್ಲ. ಕೈಗೆ ಬಂದ ಹಾಗೆ, ಒಂದೊಂದನ್ನೂ ಮುಟ್ಟಿ ಎಣಿಸಿ. ನೂರ ಇಪ್ಪತ್ತೆಂಟು. ನೀಲಿ ಪಕ್ಕ ಮರದ ಮಣಿ, ಅದರ ಪಕ್ಕ ಕೆಂಪು, ಎರಡು ಹಳದಿ, ಮತ್ತೆ ನೀಲಿ. ಅಂಗಡಿಯಲ್ಲಿ ಯಾರೂ ಕೊಳ್ಳುವ ಸರವಲ್ಲ.

ಸಂಜೆ ಗುಲ್ಜಾರಕ್ಕನ ಕೈಗೆ ಕೊಟ್ಟೆ. ಏನು ಎಂದು ಹೇಳಬೇಕಾಗಲಿಲ್ಲ. ಮಂಚದ ಮೇಲೆ ಒರಗಿಕೊಂಡು ಬೆರಳಲ್ಲಿ ಒಂದೊಂದಾಗಿ ಸರಿಸಿದರು. ಮಹ್ವಿಶ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಆಮೇಲೆ ಬಂದು ಮಂಚದ ಅಂಚಿನಲ್ಲಿ ಕೂತಳು.

"ಇದ್ರಲ್ಲಿ ನಂದ್ಯಾವ್ದು?" ಅಂದರು ಗುಲ್ಜಾರಕ್ಕ.

"ಗೊತ್ತಿಲ್ಲ ಅಕ್ಕ."

"ನಂಗೂ ಗೊತ್ತಾಯ್ತಿಲ್ಲ" ಅಂದರು. ಇನ್ನೂ ನಾಲ್ಕೈದು ಮಣಿ ಸರಿಸಿದರು. "ಇದ್ರಲ್ಲೇ ಎಲ್ಲೋ ಐತೆ."

"ಐತೆ" ಅಂದೆ.